ಆಟ ಮುಗಿದ ಮೇಲೆ ಬೋರ್ಡ್ ಮುಂದೆ ಯಾರೂ ಕೂರುತ್ತಿಲ್ಲ. ಕಂಪ್ಯೂಟರ್‌ಗೆ ಎಲ್ಲ ಗೊತ್ತಿರುವಾಗ ನಮ್ಮ ಚೆಸ್ ಎತ್ತ ಹೋಗುತ್ತಿದೆ?

ಪೇದೆ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ರಿಟೈರ್ ಆದ ಮೇಲೆ ಮನೆ ಹತ್ತಿರದ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದೇನೆ. ಹೋದ ಭಾನುವಾರ ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಯಾಣ ಮಂಟಪದಲ್ಲಿ ಟೂರ್ನಿ. ಇಬ್ಬರು ಹುಡುಗರು, ಹನ್ನೆರಡು ವರ್ಷ ಇರಬಹುದು. ಮೂರು ಗಂಟೆ ಬಹಳ ಚೆನ್ನಾಗಿ ಆಡಿದರು. ಕೊನೆಗೆ ಒಬ್ಬ ಸೋತ. ಕೈ ಕುಲುಕಿದರು, ಸ್ಕೋರ್ ಶೀಟಿಗೆ ಸಹಿ ಹಾಕಿದರು, ಎದ್ದು ಹೊರಟೇಬಿಟ್ಟರು. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಸೋತ ಹುಡುಗನ ಅಪ್ಪ ಫೋನ್ ಹಿಡಿದು ನಿಂತಿದ್ದರು. ಶೀಟ್ ನೋಡಿಕೊಂಡು ನಡೆಗಳನ್ನೆಲ್ಲ ಎಂಜಿನ್‌ಗೆ, ಅಂದರೆ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂಗೆ, ಒತ್ತಿದರು. "27ನೇ ನಡೆ ಬ್ಲಂಡರ್, ಮೈನಸ್ ಮೂರು" ಅಂದರು. ದೊಡ್ಡ ತಪ್ಪು, ಮೂರು ಪೇದೆಯಷ್ಟು ಹಿಂದೆ ಬಿದ್ದ ಹಾಗೆ ಅಂತ ಅರ್ಥ. ಹುಡುಗ ತಲೆ ಆಡಿಸಿದ. "ಯಾಕೆ ಬ್ಲಂಡರ್ ಅಂತ ಗೊತ್ತಾಯ್ತೇನೋ?" ಅಂತ ನಾನು ಕೇಳಿದೆ. "ಎಂಜಿನ್ ತೋರಿಸ್ತಿದೆಯಲ್ಲ ಅಂಕಲ್" ಅಂದ.

ನಾವು ಆಡುತ್ತಿದ್ದಾಗ ಗಡಿಯಾರ ನಿಂತ ಮೇಲೇ ನಿಜವಾದ ಮಜಾ ಶುರುವಾಗುತ್ತಿತ್ತು. ಗೆದ್ದವನು, ಸೋತವನು, ಜೊತೆಗೆ ಕೇಳದೆಯೇ ಕೈ ಹಾಕುವ ನಾಲ್ಕು ಜನ. "ಇಲ್ಲಿ ಒಂಟೆ ಇಟ್ಟಿದ್ದರೆ?" "ಇಡು, ನಾನು ಕುದುರೆ ಹಾರಿಸುತ್ತೇನೆ." ಹಾಲ್ ಬಾಗಿಲು ಹಾಕಿದರೆ ಮೆಟ್ಟಿಲ ಮೇಲೆ ಮ್ಯಾಗ್ನೆಟ್ ಬೋರ್ಡ್ ಬಿಚ್ಚುತ್ತಿದ್ದೆವು. ಕೊನೇ ಬಸ್ಸು ಎಷ್ಟು ಸಲ ತಪ್ಪಿದೆಯೋ.

1991ರಲ್ಲಿ ಭದ್ರಾವತಿಯ ಒಬ್ಬರ ಜೊತೆ ಆಡಿದ ಆಟ ಡ್ರಾ ಆಯಿತು. 31ನೇ ನಡೆಯಲ್ಲಿ ಆನೆ ಕೊಟ್ಟು ಒಂಟೆ ಹೊಡೆದಿದ್ದರೆ ನಾನು ಗೆಲ್ಲುತ್ತಿದ್ದೆ ಅಂತ ನನ್ನ ವಾದ. ಇಲ್ಲ ಅಂತ ಅವರದು. ಆಮೇಲೆ ಇನ್‌ಲ್ಯಾಂಡ್ ಲೆಟರ್‌ನಲ್ಲಿ ವಾದ ಮುಂದುವರಿಯಿತು. ಆ ಪತ್ರಗಳಿಂದಲೇ ನಾವು ಸ್ನೇಹಿತರಾದೆವು, ಅವರ ಮಗಳ ಮದುವೆಗೆ ನಾನು ಹೋದೆ. 2009ರಲ್ಲಿ ಮಗ ಲ್ಯಾಪ್‌ಟಾಪ್‌ಗೆ ಚೆಸ್ ಪ್ರೋಗ್ರಾಂ ಹಾಕಿಕೊಟ್ಟ. ಆ ಸ್ಥಾನ ಇಟ್ಟು ನೋಡಿದೆ. ಎರಡು ಸೆಕೆಂಡಿನಲ್ಲಿ ಉತ್ತರ ಬಂತು. ಇಬ್ಬರದೂ ತಪ್ಪು, ನಾವು ನೋಡಿಯೇ ಇರದ ಒಂದು ಪೇದೆ ನಡೆ. ಖುಷಿಯಿಂದ ಫೋನ್ ಮಾಡಿ ಹೇಳಿದೆ. ಅವರು "ಹೌದಾ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಆ ಆಟದ ಬಗ್ಗೆ ನಾವು ಮಾತಾಡಿಲ್ಲ.

ಚೆಸ್ ಸಾಯುತ್ತದೆ ಅಂತ ನನಗೆ ಭಯ ಇಲ್ಲ. ಟೂರ್ನಿಗಳು ತುಂಬಿ ತುಳುಕುತ್ತಿವೆ. ಆದರೆ ಜೇಬಿನಲ್ಲೇ ಉತ್ತರ ಇರುವಾಗ ಇಬ್ಬರು ಮನುಷ್ಯರು ಬೋರ್ಡ್ ಮುಂದೆ ಮಾತಾಡಿಕೊಳ್ಳಲು ಏನು ಉಳಿಯುತ್ತದೆ? ನಿಮ್ಮ ಅನುಭವ ಹೇಳಿ.

ಅರವತ್ನಾಲ್ಕು_ಮನೆ

ಸಾರ್, ಆ "ಹೌದಾ" ಓದಿ ಎದೆಗೆ ಏನೋ ತಾಗಿದ ಹಾಗಾಯಿತು.

ಕೋಡ್_ಮತ್ತು_ಕುದುರೆ

ಸಾರ್, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಇದು ರಾತ್ರೋರಾತ್ರಿ ಆಗಿದ್ದಲ್ಲ. 1996ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂವನ್ನು 4-2ರಲ್ಲಿ ಸೋಲಿಸಿದರು. 1997ರ ಮೇನಲ್ಲಿ ಡೀಪ್ ಬ್ಲೂ 3.5-2.5ರಲ್ಲಿ ಗೆದ್ದಿತು. ಆಗಲೇ ಎಲ್ಲ ಮುಗಿಯಿತು ಅಂತ ಪೇಪರಿನವರು ಬರೆದರು. ಆದರೆ 2002ರಲ್ಲಿ ಅವರ ನಂತರದ ಚಾಂಪಿಯನ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಜೊತೆ 4-4 ಸಮ ಮಾಡಿಕೊಂಡರು. 2003ರಲ್ಲಿ ಕಾಸ್ಪರೋವ್ ಡೀಪ್ ಜೂನಿಯರ್ ಜೊತೆ 3-3. ಬಾಗಿಲು ಮುಚ್ಚಿದ್ದು 2005-06ರಲ್ಲಿ. ಹೈಡ್ರಾ ಎಂಬ ಚೆಸ್ ಕಂಪ್ಯೂಟರ್ ಎದುರು ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕಲ್ ಆಡಮ್ಸ್‌ಗೆ ಆರು ಆಟದಲ್ಲಿ ಸಿಕ್ಕಿದ್ದು ಅರ್ಧ ಪಾಯಿಂಟ್. ಮರುವರ್ಷ ಕ್ರಾಮ್ನಿಕ್ ಫ್ರಿಟ್ಜ್‌ಗೆ 4-2ರಲ್ಲಿ ಸೋತರು, ಅದರಲ್ಲಿ ಒಂದು ಆಟದಲ್ಲಿ ಒಂದೇ ನಡೆಯ ಮೇಟ್ ಅವರ ಕಣ್ಣಿಗೆ ಬೀಳಲಿಲ್ಲ.

ಅಂದರೆ ಸುಮಾರು ಇಪ್ಪತ್ತು ವರ್ಷದಿಂದ ನಾವು ಸೋತವರಾಗಿಯೇ ಆಡುತ್ತಿದ್ದೇವೆ. ಅಷ್ಟರಲ್ಲೇ ಚೆಸ್ ಆಡುವವರು ಹೆಚ್ಚಾದರು. ಬೈಕ್ ಬಂತು ಅಂತ ಓಟದ ಪಂದ್ಯ ನಿಂತಿಲ್ಲವಲ್ಲ.

ಮಂಗಳೂರು_ಜಾಣ

ಆ ಬೈಕಿನ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೇ. ಬೈಕ್ ಓಡುವವನ ಹತ್ತಿರ ಬಂದು "ಆ ಹೆಜ್ಜೆ ತಪ್ಪಿಟ್ಟೆ" ಅನ್ನುತ್ತದಾ? ಎಂಜಿನ್ ಅನ್ನುತ್ತದೆ. ಪ್ರತಿ ಹೆಜ್ಜೆಗೂ ಅನ್ನುತ್ತದೆ. ಸಾರ್ ಹೇಳುತ್ತಿರುವುದೂ ಅದನ್ನೇ.

ಕೋಡ್_ಮತ್ತು_ಕುದುರೆ

ಒಪ್ಪಿದೆ. ಹೋಲಿಕೆ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ವಾದ ಬಿಡಲ್ಲ.

ಹುಬ್ಬಳ್ಳಿ_ಆನೆ

ಸರ, ನಿಮ್ಮ ಮಾತಿಗೆ ನನ್ನ ತಕರಾರು ಐತ್ರಿ. ನೀವು ಮೆಟ್ಟಿಲ ಮೇಲೆ ಕೂತು ಮಾತಾಡಿದಿರಿ, ಯಾಕಂದರೆ ನಿಮ್ಮ ಜೊತೆ ಮಾತಾಡಲು ನಾಲ್ಕು ಜನ ಇದ್ದರು. ನಮ್ಮೂರು ಹುಬ್ಬಳ್ಳಿಯಿಂದ ನಲವತ್ತು ಕಿಲೋಮೀಟರ್. ಇಡೀ ಊರಲ್ಲಿ ಚೆಸ್ ಗೊತ್ತಿದ್ದವನು ನಾನೊಬ್ಬನೇ, ಅದೂ ಅರ್ಧಂಬರ್ಧ. ಹಳೇ ಸೋವಿಯತ್ ಪುಸ್ತಕ ಒಂದು ಸಿಕ್ಕಿತ್ತು, ಅದರಲ್ಲಿ ಹದಿನಾರು ಹಾಳೆ ಇರಲಿಲ್ಲ. ನಾನು ತಪ್ಪು ಆಡಿದರೆ ತಪ್ಪು ಅಂತ ಹೇಳುವವರೇ ಇರಲಿಲ್ಲ. ಇವತ್ತು ನನ್ನ ತಂಗಿಯ ಮಗ ಅದೇ ಊರಲ್ಲಿ, ಅದೇ ಮನೆಯಲ್ಲಿ, ಒಂದು ರೂಪಾಯಿ ಕೊಡದೆ ಸ್ಟಾಕ್‌ಫಿಶ್ ಎಂಬ ಎಂಜಿನ್ ಹಾಕಿಕೊಂಡಿದ್ದಾನೆ. ವಿಶ್ವ ಚಾಂಪಿಯನ್ ಬಳಸುವುದೂ ಅದನ್ನೇ, ಇವನು ಬಳಸುವುದೂ ಅದನ್ನೇ.

1988ರಲ್ಲಿ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಈಗ ಸಂಖ್ಯೆ 80 ದಾಟಿದೆ. ನಮ್ಮ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜಕುಮಾರ್. ಅಲ್ಲಿಂದ ಐದು ವರ್ಷದಲ್ಲಿ ಬೆಂಗಳೂರಿನ ಹುಡುಗ ಪ್ರಣವ್ ಆನಂದ್ ಹದಿನೈದನೇ ವಯಸ್ಸಿಗೇ ಆದ. ಮೊದಲು ಒಳ್ಳೆಯ ಕೋಚ್ ಬೇಕೆಂದರೆ ದೊಡ್ಡ ಊರಲ್ಲಿ ಹುಟ್ಟಬೇಕಿತ್ತು. ಆ ಗೋಡೆ ಒಡೆದಿದ್ದು ಯಾರು? ಈ ಎಂಜಿನ್ನೇ ಅಲ್ಲೇನ್ರಿ?

ಪೇದೆ_ಶಿವಮೊಗ್ಗ

@ಹುಬ್ಬಳ್ಳಿ_ಆನೆ ನೀವು ಹೇಳಿದ ಈ ಮುಖ ನಾನು ಯೋಚಿಸಿರಲಿಲ್ಲ. ಮಾತಾಡುವವರು ಇದ್ದದ್ದೇ ನನ್ನ ಭಾಗ್ಯ. ಆದರೂ ಕೇಳುತ್ತೇನೆ, ನಿಮ್ಮ ತಂಗಿ ಮಗನಿಗೆ ಎಂಜಿನ್ ಯಾಕೆ ಅಂತ ಹೇಳುತ್ತದಾ?

ಹುಬ್ಬಳ್ಳಿ_ಆನೆ

ಹೇಳಲ್ಲ ಸರ. ಬರೀ ನಡೆ ತೋರಿಸುತ್ತದೆ. ಯಾಕೆ ಅನ್ನುವುದನ್ನು ಹುಡುಗ ವಾರಕ್ಕೊಮ್ಮೆ ನನಗೆ ಫೋನ್ ಮಾಡಿ ಕೇಳುತ್ತಾನೆ. ಅರ್ಧ ನನಗೂ ಗೊತ್ತಾಗಲ್ಲ.

ತಾಯಿ_ತುಮಕೂರು

ನಾನು ಆಟಗಾರ್ತಿ ಅಲ್ಲ, ಒಂಬತ್ತು ವರ್ಷದ ಹುಡುಗನ ಅಮ್ಮ. ಅವನು ಗೆದ್ದ ದಿನವೂ ಅತ್ತಿದ್ದಾನೆ. ಯಾಕೆ ಗೊತ್ತಾ? ಆಪ್‌ನಲ್ಲಿ "ಆಕ್ಯುರೆಸಿ 61" ಅಂತ ಬಂತು, ನಡೆಗಳು ಎಂಜಿನ್ ನಡೆಗೆ ಎಷ್ಟು ಹತ್ತಿರ ಅಂತ ನೂರಕ್ಕೆ ಕೊಡುವ ಅಂಕವಂತೆ. ಅಲ್ಲಪ್ಪ, ನೀನು ಗೆದ್ದಿದ್ದೀಯಲ್ಲ ಅಂದರೆ "ಅದು ಸುಮ್ನೆ ಗೆದ್ದಿದ್ದು ಅಮ್ಮ" ಅನ್ನುತ್ತಾನೆ. ಎದುರಿನ ಹುಡುಗಿ ಒಳ್ಳೆಯ ನಡೆ ಇಟ್ಟರೆ ಮೊದಲೆಲ್ಲ "ಅಬ್ಬಾ" ಅನ್ನುತ್ತಿದ್ದ. ಈಗ ಮನೆಗೆ ಬಂದು ಫೋನ್ ನೋಡಿದ ಮೇಲೆ "ಅದು ಅಷ್ಟೇನೂ ಒಳ್ಳೆಯ ನಡೆ ಅಲ್ಲ" ಅನ್ನುತ್ತಾನೆ. ಇದಕ್ಕೆ ಏನು ಮಾಡಲಿ ಅಂತ ಗೊತ್ತಿರುವವರು ಹೇಳಿ.

ಸಿಸಿಲಿಯನ್_ಸಾಗರ

ಮೇಡಂ, ದಯವಿಟ್ಟು ಒಂದು ವರ್ಷ ಎಂಜಿನ್ ತೆಗೆದಿಟ್ಟುಬಿಡಿ. ಭಯಪಡಬೇಡಿ, ಹಿಂದೆ ಬೀಳುವುದಿಲ್ಲ. ಗುಕೇಶ್‌ಗೆ ಅವರ ಕೋಚ್ ವಿಷ್ಣು ಪ್ರಸನ್ನ ಮಾಡಿದ್ದೂ ಅದನ್ನೇ. ಗ್ರ್ಯಾಂಡ್‌ಮಾಸ್ಟರ್ ಹಂತಕ್ಕೆ ಬರುವವರೆಗೂ ಆ ಹುಡುಗ ಎಂಜಿನ್ ಮುಟ್ಟಿರಲಿಲ್ಲ. ಆ ಬಿರುದು ಬಂದಿದ್ದು 2019ರಲ್ಲಿ, ಹನ್ನೆರಡು ವರ್ಷ ಏಳು ತಿಂಗಳಿಗೆ. ಸ್ವಂತ ತಲೆಯಲ್ಲಿ ಲೆಕ್ಕ ಹಾಕಿ ಹಾಕಿ ಬಂದ ಶಕ್ತಿ ಅದು.

ಕೋಡ್_ಮತ್ತು_ಕುದುರೆ

ಗುಕೇಶ್ ಒಬ್ಬರ ಉದಾಹರಣೆ ಹಿಡಿದು ಎಲ್ಲ ಮಕ್ಕಳಿಗೂ ಅದೇ ಮದ್ದು ಅನ್ನುವುದು ಸರಿಯಲ್ಲ. ಅವರ ಪಕ್ಕದಲ್ಲಿ ದಿನಾ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಕೂತಿದ್ದರು. ಹುಬ್ಬಳ್ಳಿಯವರ ತಂಗಿ ಮಗನ ಪಕ್ಕದಲ್ಲಿ ಯಾರಿದ್ದಾರೆ?

ಸಿಸಿಲಿಯನ್_ಸಾಗರ

ಅದಕ್ಕೇ ಹೇಳುವುದು, ಪಕ್ಕದಲ್ಲಿ ಕೂರಲು ಮನುಷ್ಯ ಬೇಕು ಅಂತ!

ಡಬ್ಲಿನ್_ಕನ್ನಡಿಗ

2024ರ ಡಿಸೆಂಬರ್ 12 ನೆನಪಿದೆಯಾ? ಸಿಂಗಪುರ, ಗುಕೇಶ್ ಮತ್ತು ಚೀನಾದ ಡಿಂಗ್ ನಡುವಿನ ವಿಶ್ವ ಚಾಂಪಿಯನ್ ಪಂದ್ಯದ 14ನೇ ಆಟ. ನಾನು ಆಫೀಸಿನಲ್ಲಿ ಒಂದು ಮೂಲೆಯಲ್ಲಿ ಲೈವ್ ನೋಡುತ್ತಿದ್ದೆ. ಎಲ್ಲರೂ ಡ್ರಾ ಅಂತ ಬರೆದುಬಿಟ್ಟಿದ್ದರು. 55ನೇ ನಡೆ, ಡಿಂಗ್ ಆನೆಯನ್ನು ಎಫ್2 ಮನೆಗೆ ಇಟ್ಟರು. ಪರದೆಯ ಪಕ್ಕದಲ್ಲಿ ಯಾರು ಮುಂದಿದ್ದಾರೆ ಅಂತ ಎಂಜಿನ್ ತೋರಿಸುವ ಪಟ್ಟಿ, ಅದೇ ಬಾರ್, ಧಡ್ ಅಂತ ಕುಸಿಯಿತು. ಚೆಸ್ಸೇ ಬರದ ನನ್ನ ಐರಿಷ್ ಸಹೋದ್ಯೋಗಿಗೂ ಏನೋ ಆಯಿತು ಅಂತ ಗೊತ್ತಾಯಿತು. ಗೊತ್ತಿಲ್ಲದೇ ಇದ್ದದ್ದು ಜಗತ್ತಿನಲ್ಲಿ ಇಬ್ಬರಿಗೇ, ಬೋರ್ಡ್‌ನ ಆ ಕಡೆ ಈ ಕಡೆ ಕೂತವರಿಗೆ. ತಾನು ಆನೆಯನ್ನು ಬೇರೆ ಮನೆಗೆ ಇಡುವುದರಲ್ಲಿದ್ದೆ, ಆಗ ಡಿಂಗ್ ಅವರ ಒಂಟೆ ಸಿಕ್ಕಿಬೀಳುತ್ತದೆ ಅಂತ ಕಂಡಿತು ಅಂತ ಗುಕೇಶ್ ಆಮೇಲೆ ಹೇಳಿದರು. ಆ ಕೆಲವು ಸೆಕೆಂಡು ನನ್ನ ಎದೆ ಬಾಯಿಗೆ ಬಂದಿತ್ತು. ಕಂಡಿತಾ? ಕಾಣಲಿಲ್ಲವಾ? ಎಂಜಿನ್ ಇರದಿದ್ದರೆ ನನ್ನಂಥ ಸಾಮಾನ್ಯ ಆಟಗಾರನಿಗೆ ಆ ಕ್ಷಣ ಗೊತ್ತೇ ಆಗುತ್ತಿರಲಿಲ್ಲ.

ಮಂಗಳೂರು_ಜಾಣ

ಅದೇ ಬಾರ್ ನೋಡಿಕೊಂಡು ಜನ ಕಾಮೆಂಟಿನಲ್ಲಿ ಡಿಂಗ್ ಅವರನ್ನು ಏನೆಲ್ಲ ಅಂದರು, ಅದನ್ನೂ ನೆನಪು ಮಾಡಿಕೊಳ್ಳಿ. ನಾಲ್ಕು ಗಂಟೆ ಕಷ್ಟದ ಸ್ಥಾನ ಹಿಡಿದು ನಿಂತ ಮನುಷ್ಯ. 800 ರೇಟಿಂಗ್ ಕೂಡ ಇಲ್ಲದ ಹೊಸಬರೆಲ್ಲ ಅವರಿಗೆ ಬುದ್ಧಿ ಹೇಳಿದರು. ಬಾರ್ ಇಲ್ಲದ ಕಾಲದಲ್ಲಿ ಚಾಂಪಿಯನ್ ಮುಂದೆ ಒಂದು ಗೌರವ ಇತ್ತು.

ಒಂಟೆ_ಜೋಡಿ

ಈ ವಿಷಯಕ್ಕೆ ನನ್ನ ಮೆಚ್ಚಿನ ಉದಾಹರಣೆ 2018ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ ಆರನೇ ಆಟ. ಆಗಿನ ಚಾಂಪಿಯನ್ ಕಾರ್ಲ್‌ಸನ್ ಬಿಳಿ, ಸವಾಲು ಹಾಕಿದ ಕರುವಾನ ಕಪ್ಪು. 68ನೇ ನಡೆಯಲ್ಲಿ ಕಪ್ಪಿಗೆ ಗೆಲುವು ಇದೆ ಅಂತ ನಾರ್ವೆಯ ಒಂದು ಸೂಪರ್ ಕಂಪ್ಯೂಟರ್ ತೋರಿಸಿತು. ಒಂಟೆ ಎಚ್4ಕ್ಕೆ, ಆಮೇಲೆ ಕುದುರೆಯನ್ನು ಜಿ1ಕ್ಕೆ, ಹೊರಬರಲು ದಾರಿಯೇ ಇಲ್ಲ ಅನ್ನಿಸುವ ಮೂಲೆಗೆ. ಯಾವ ಗುರುವೂ ಶಿಷ್ಯನಿಗೆ ಅಂಥ ನಡೆ ಹೇಳಿಕೊಡುವುದಿಲ್ಲ. ಕರುವಾನ ಆಡಲಿಲ್ಲ, ಆಟ ಡ್ರಾ ಆಯಿತು. ಒಂದು ವೇಳೆ ಅದನ್ನು ಆಡಿದ್ದರೆ ಭೇಷ್ ಅನ್ನುವ ಮೊದಲು ಅವರ ಜೇಬು ತಡಕುತ್ತಿದ್ದರು. ಮನುಷ್ಯ ಅತಿ ಚೆನ್ನಾಗಿ ಆಡಿದರೆ ಅನುಮಾನ ಬರುವ ಕಾಲ ಇದು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇದೇ ವಿಷಯಕ್ಕೆ.

ಆರ್ಬಿಟರ್_ಅಕ್ಕ

ಅನುಮಾನದ ವಿಷಯ ಬಂತಲ್ಲ, ಹೇಳುತ್ತೇನೆ. ಜಿಲ್ಲಾ ಮಟ್ಟದ ಟೂರ್ನಿಗಳಲ್ಲಿ ಆರ್ಬಿಟರ್ ಆಗಿ ಕೆಲಸ ಮಾಡುತ್ತೇನೆ. ಮೊದಲು ನನ್ನ ಕೆಲಸ ಗಡಿಯಾರ ನೋಡುವುದು, ಜಗಳ ಬಿಡಿಸುವುದು. ಈಗ ಟಾಯ್ಲೆಟ್‌ಗೆ ಯಾರು ಎಷ್ಟು ಸಲ ಹೋದರು ಅಂತ ಬರೆದಿಡುವುದೂ ಸೇರಿಕೊಂಡಿದೆ. ಹೋದ ತಿಂಗಳು ಹೊಟ್ಟೆ ಕೆಟ್ಟಿದ್ದ ಒಬ್ಬ ಹುಡುಗ ನಾಲ್ಕು ಸಲ ಎದ್ದು ಹೋದ. ಎದುರಾಳಿಯ ತಂದೆ ದೂರು ಕೊಟ್ಟರು. ನಾನು ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನ ಮುಖ ನೋಡಿ ನನಗೇ ನಾಚಿಕೆ ಆಯಿತು.

2021ರಲ್ಲಿ ಕೋವಿಡ್ ನಿಧಿಗಾಗಿ ಆನಂದ್ ಅವರು ಆನ್‌ಲೈನ್‌ನಲ್ಲಿ ಗಣ್ಯರ ಜೊತೆ ಆಡಿದರಲ್ಲ, ನಮ್ಮ ಸುದೀಪ್ ಕೂಡ ಆಡಿದ್ದರು. ಅದರಲ್ಲಿ ಬೆಂಗಳೂರಿನ ಒಬ್ಬ ಉದ್ಯಮಿ ಆನಂದ್ ಎದುರು ಗೆದ್ದುಬಿಟ್ಟರು. ಮರುದಿನ, ಕಂಪ್ಯೂಟರ್ ಮತ್ತು ಬೇರೆಯವರ ಸಹಾಯ ಇತ್ತು ಅಂತ ಅವರೇ ಒಪ್ಪಿಕೊಂಡರು. ನಾನು ಬೋರ್ಡ್ ಮೇಲಿನ ಸ್ಥಾನ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬ ಅರ್ಥದಲ್ಲಿ ಆನಂದ್ ಹೇಳಿದರು. ಅವರ ಆ ಮಾತನ್ನು ಪ್ರತಿ ಟೂರ್ನಿ ಶುರುವಾಗುವ ಮೊದಲು ಮಕ್ಕಳಿಗೆ ಹೇಳುತ್ತೇನೆ.

ಅರವತ್ನಾಲ್ಕು_ಮನೆ

ಅಕ್ಕಾ, ಆ ಹುಡುಗ ಆಟ ಮುಗಿಸಿದನಾ?

ಆರ್ಬಿಟರ್_ಅಕ್ಕ

ಮುಗಿಸಿದ. ಗೆದ್ದ. ಮುಂದಿನ ಟೂರ್ನಿಗೆ ಬರಲಿಲ್ಲ.

ಮಜ್ಜಿಗೆ_ಮತ್ತು_ಮೇಟ್

ವಿಷಯ ಬದಲಾಯಿಸಿದ್ದಕ್ಕೆ ಕ್ಷಮಿಸಿ. ಎಲ್ಲರೂ ರೂಕ್‌ಗೆ ಆನೆ ಅನ್ನುತ್ತಿದ್ದೀರಿ. ನಮ್ಮ ತಾತ ರಥ ಅನ್ನುತ್ತಿದ್ದರು. ಕ್ವೀನ್ ಅಂತೂ ಮಂತ್ರಿಯೇ, ರಾಣಿ ಅಂದರೆ ಬೈಯುತ್ತಿದ್ದರು.

ಅರವತ್ನಾಲ್ಕು_ಮನೆ

ನಮ್ಮಲ್ಲೂ ಮಂತ್ರಿಯೇ. ಹಳೇ ಪದ್ಧತಿಯಲ್ಲಿ ಪೇದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಯಾವ ಸಾಲಿನಲ್ಲಿ ಕೊನೆ ಮುಟ್ಟುತ್ತದೋ ಆ ಸಾಲಿನ ಕಾಯಿ ಆಗುತ್ತಿತ್ತು. ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದಿತ್ತು. ಮೀರ್ ಸುಲ್ತಾನ್ ಖಾನ್ ಕಲಿತದ್ದು ಇದೇ ದೇಸಿ ಆಟ. ಆಮೇಲೆ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಮೈಸೂರಿನವನಾಗಿ ಇನ್ನೊಂದು ಹೇಳಲೇಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಹುಚ್ಚು. ಕುದುರೆ ನಡೆಯಲ್ಲೇ ಪ್ರತಿ ಮನೆಯನ್ನೂ ಒಂದೊಂದು ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದ್ದರು. ಇವತ್ತು ಅಂಥದ್ದನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಆದರೂ ಮಹಾರಾಜರು ಕೂತು ಮಾಡಿದ್ದನ್ನು ನೋಡಲು ನನಗೆ ಆಸೆ. ಈ ಆಸೆ ಯಾಕೆ ಅಂತ ಯೋಚಿಸಿದರೆ ಪೇದೆ ಸಾರ್ ಪ್ರಶ್ನೆಗೆ ಸ್ವಲ್ಪ ಉತ್ತರ ಸಿಗಬಹುದು.

ಹುಬ್ಬಳ್ಳಿ_ಆನೆ

ರಥ ಅಂದರೆ ನನ್ನ ಹೆಸರು ಬದಲಾಯಿಸಬೇಕಾಗುತ್ತದಲ್ರಿ. ಆನೆಯೇ ಇರಲಿ.

ಒಂಟೆ_ಜೋಡಿ

ಮತ್ತೆ ವಿಷಯಕ್ಕೆ ಬರೋಣ. ಲೀ ಸೆಡೋಲ್ ನೆನಪಿದೆಯಾ? ಕಪ್ಪು ಬಿಳಿ ಕಲ್ಲುಗಳಲ್ಲಿ ಆಡುವ ಗೋ ಆಟದ ದಿಗ್ಗಜ. 2016ರಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಂ ಎದುರು 4-1ರಲ್ಲಿ ಸೋತರು. 2019ರಲ್ಲಿ ಆಟವನ್ನೇ ಬಿಟ್ಟರು. ಎಷ್ಟು ಮೇಲೆ ಹೋದರೂ ಸೋಲಿಸಲಾಗದ ಒಂದು ಅಲ್ಲಿದೆ ಅನ್ನುವುದು ಅವರ ನೋವು. ಅಂಥ ಮನುಷ್ಯನಿಗೇ ಹಾಗನ್ನಿಸಿದರೆ ಹನ್ನೆರಡು ವರ್ಷದ ಹುಡುಗನಿಗೆ ಅನ್ನಿಸದೇ ಇರುತ್ತದಾ?

ಕೋಡ್_ಮತ್ತು_ಕುದುರೆ

ಕಾರ್ಲ್‌ಸನ್ ಅವರದು ತದ್ವಿರುದ್ಧ. 2017ರ ಕೊನೆಯಲ್ಲಿ ಆಲ್ಫಾಝೀರೋ ಎಂಬ ಪ್ರೋಗ್ರಾಂ ಬಂತು. ಬರೀ ನಿಯಮ ಕೊಟ್ಟಿದ್ದರು, ತನ್ನ ಜೊತೆ ತಾನೇ ಆಡಿ ಕಲಿಯಿತು. ಸ್ಟಾಕ್‌ಫಿಶ್ ಜೊತೆ ನೂರು ಆಟದಲ್ಲಿ 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. ಆದರೆ ಜನ ಮರುಳಾಗಿದ್ದು ಅಂಕಕ್ಕಲ್ಲ, ಆಡಿದ ರೀತಿಗೆ. ಎಚ್ ಸಾಲಿನ ಪೇದೆಯನ್ನು ಮುಂದೆ ಮುಂದೆ ತಳ್ಳಿ ಎದುರಾಳಿ ರಾಜನ ಉಸಿರು ಕಟ್ಟಿಸುವುದು, ಪೇದೆ ಎರಡು ಹೋದರೂ ಚಿಂತೆ ಮಾಡದೆ ಆಡುವುದು. 2019ರಲ್ಲಿ ಕಾರ್ಲ್‌ಸನ್ ಆಟದಲ್ಲೂ ಆ ಧಾಟಿ ಬಂತು, ಅವರೇ ಅದನ್ನು ಹೇಳಿಕೊಂಡರು. ಅಂದರೆ ಎಂಜಿನ್ ಬರೀ ತಪ್ಪು ಎಣಿಸುವ ಮೇಷ್ಟ್ರಲ್ಲ. ಹೊಸ ರಾಗ ತೋರಿಸುವ ಗುರುವೂ ಆಗಬಹುದು.

ಮತ್ತೆ ಚೆಸ್ ಪೂರ್ತಿ ಬಿಡಿಸಿಟ್ಟ ಲೆಕ್ಕವೂ ಅಲ್ಲ. ಚೆಕರ್ಸ್ ಆಟವನ್ನು 2007ರಲ್ಲಿ ಪೂರ್ತಿ ಬಿಡಿಸಿದರು, ಇಬ್ಬರೂ ಸರಿಯಾಗಿ ಆಡಿದರೆ ಡ್ರಾ. ಚೆಸ್‌ನಲ್ಲಿ ಬೋರ್ಡ್ ಮೇಲೆ ಏಳು ಕಾಯಿ ಉಳಿದಾಗ ಮಾತ್ರ ಪೂರ್ತಿ ಉತ್ತರ ಇದೆ. 2012ರಲ್ಲಿ ಮಾಸ್ಕೋದಲ್ಲಿ ಮಾಡಿದ ಆ ಪಟ್ಟಿಗೇ 140 ಟೆರಾಬೈಟ್ ಜಾಗ ಬೇಕಾಯಿತು. 32 ಕಾಯಿಗೂ ಅಂಥ ಉತ್ತರ ಬರುವುದನ್ನು ನಾವು ಯಾರೂ ನೋಡಲ್ಲ.

ಸಿಸಿಲಿಯನ್_ಸಾಗರ

ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಕಥೆ ಹೇಳಿ ಮತ್ತೆ. ಮೇಲಿನವರು ಇಪ್ಪತ್ತು ನಡೆ ಮನೆಯಲ್ಲೇ ಬಾಯಿಪಾಠ ಮಾಡಿ ಬರುತ್ತಾರೆ. 2018ರ ಲಂಡನ್‌ನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಡ್ರಾ. ಈಗ ಎಂಜಿನ್ ಸಹಾಯ ಪಡೆಯಲು ಬಿಡುವ ಅಂಚೆ ಚೆಸ್‌ನಲ್ಲಿ ಅಂತೂ ಮೇಲಿನ ಮಟ್ಟದಲ್ಲಿ ಗೆಲುವೇ ಅಪರೂಪ. ಅದಕ್ಕೇ ಈಗ ಎಲ್ಲರೂ ಮಾಜಿ ವಿಶ್ವ ಚಾಂಪಿಯನ್ ಫಿಶರ್ ಹೇಳಿದ ಚೆಸ್960 ಕಡೆ ತಿರುಗುತ್ತಿದ್ದಾರೆ. ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದ ಹಾಗೆ ಜೋಡಿಸುವುದು. ಮೊದಲ ನಡೆಯಿಂದಲೇ ತಲೆ ಓಡಿಸಬೇಕು. ನಮ್ಮ ಕ್ಲಬ್ಬಿನಲ್ಲಿ ಎರಡು ವಾರ ಆಡಿಸಿದೆವು. ಪೇದೆ ಸಾರ್, ನಂಬುತ್ತೀರೋ ಇಲ್ಲವೋ, ಆಟ ಮುಗಿದ ಮೇಲೆ ಹುಡುಗರು ಎದ್ದು ಹೋಗಲಿಲ್ಲ! "ಎರಡನೇ ನಡೆಗೇ ನನ್ನ ಆನೆ ಸಿಕ್ಕಿಬಿತ್ತಲ್ಲೋ" ಅಂತ ಅರ್ಧ ಗಂಟೆ ಕೂತರು.

ಪೇದೆ_ಶಿವಮೊಗ್ಗ

ಇದು ಒಳ್ಳೆಯ ಸುದ್ದಿ. ನಮ್ಮಲ್ಲೂ ಮಾಡಿ ನೋಡುತ್ತೇನೆ.

ಹುಬ್ಬಳ್ಳಿಯವರ ಮಾತು ನನ್ನನ್ನು ಎರಡು ದಿನ ಕಾಡಿತು. ಅವರ ತಂಗಿ ಮಗನಿಗೆ ಎಂಜಿನ್ ಬೇಡ ಅನ್ನುವ ಹಕ್ಕು ನನಗಿಲ್ಲ. ಆದರೆ ಆ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ "ಯಾಕೆ" ಅಂತ ಕೇಳುತ್ತಾನಲ್ಲ, ಅದು ನಿಲ್ಲಬಾರದು. ಹುಬ್ಬಳ್ಳಿಯವರೇ, ನಿಮಗೆ ಗೊತ್ತಾಗದ್ದನ್ನು ನನಗೆ ಕಳಿಸಿ. ನನಗೂ ಗೊತ್ತಾಗದಿದ್ದರೆ ಮೂವರೂ ಕೂತು ನೋಡೋಣ.

ಭದ್ರಾವತಿಯವರಿಗೂ ನಿನ್ನೆ ಫೋನ್ ಮಾಡಿದೆ. ಆ ಪೇದೆ ನಡೆ ಸರಿ ಅಂತ ಎಂಜಿನ್ ಹೇಳಿತು, ಆದರೆ ಅದು ಯಾಕೆ ಸರಿ ಅಂತ ನಾವಿಬ್ಬರೂ ಇವತ್ತಿಗೂ ನೋಡಿಲ್ಲ ಅಲ್ವಾ ಅಂದೆ. ಪತ್ರಗಳು ಅವರ ಹತ್ತಿರ ಇನ್ನೂ ಇವೆಯಂತೆ. ಶನಿವಾರ ಹೋಗುತ್ತಿದ್ದೇನೆ.

ಹುಬ್ಬಳ್ಳಿ_ಆನೆ

ನಂಬರ್ ಮೆಸೇಜ್ ಮಾಡ್ತೀನ್ರಿ ಸರ. ಹುಡುಗನಿಗೆ ಹೇಳಿದೆ, ಕುಣಿದಾಡುತ್ತಿದ್ದಾನೆ.

ತಾಯಿ_ತುಮಕೂರು

ಪೇದೆ ಸಾರ್, ನನ್ನ ಮಗನಿಗೂ ಏನಾದರೂ ಕೊಡಿ. ಫೋನ್ ಬೀರುವಿನಲ್ಲಿ ಇಟ್ಟಿದ್ದೇನೆ.

ಪೇದೆ_ಶಿವಮೊಗ್ಗ

ಖಂಡಿತ ಮೇಡಂ. ಬೋರ್ಡ್ ಮೇಲೆ ನಾಲ್ಕೇ ಕಾಯಿ. ಬಿಳಿ ರಾಜ ಎಚ್8, ಬಿಳಿ ಪೇದೆ ಸಿ6. ಕಪ್ಪು ರಾಜ ಎ6, ಕಪ್ಪು ಪೇದೆ ಎಚ್5. ಬಿಳಿಯ ಸರದಿ, ಡ್ರಾ ಮಾಡಬೇಕು. ಕಪ್ಪು ಪೇದೆ ಓಡುತ್ತಿದೆ, ಬಿಳಿ ರಾಜ ದೂರ ಇದ್ದಾನೆ. ಆಗುವುದೇ ಇಲ್ಲ ಅನ್ನಿಸುತ್ತದೆ.

ಒಂಟೆ_ಜೋಡಿ

ರೇಟಿ ಅವರು 1921ರಲ್ಲಿ ಕಟ್ಟಿದ ಒಗಟು! ಗೊತ್ತಿರುವವರು ದಯವಿಟ್ಟು ಉತ್ತರ ಬರೆಯಬೇಡಿ.

ತಾಯಿ_ತುಮಕೂರು

ಊಟಕ್ಕೆ ಕರೆದರೂ ಬರಲಿಲ್ಲ. ಮೊದಲು "ಆಗಲ್ಲ ಅಮ್ಮ, ರಾಜ ಹಿಡಿಯೋಕಾಗಲ್ಲ" ಅಂದ. ಆಮೇಲೆ ಬೋರ್ಡ್ ಸುತ್ತ ಎರಡು ಸುತ್ತು ಹಾಕಿದ. ಈಗ ರಾಜ ಜಿ7 ಅನ್ನುತ್ತಿದ್ದಾನೆ.

ಪೇದೆ_ಶಿವಮೊಗ್ಗ

ಸರಿ. ಕಪ್ಪು ಪೇದೆ ಎಚ್4ಕ್ಕೆ ಬಂತು. ಈಗ?

ತಾಯಿ_ತುಮಕೂರು

ಎಫ್6 ಅಂತೆ. ಯಾಕಪ್ಪ, ಪೇದೆ ಆ ಕಡೆ ಓಡುತ್ತಿದೆಯಲ್ಲ ಅಂತ ಕೇಳಿದೆ. "ಎರಡೂ ಪೇದೆಗೆ ಹತ್ತಿರ ಆಗುತ್ತೆ ಅಮ್ಮ, ಅವರು ಯಾವುದನ್ನು ಬಿಡುತ್ತಾರೋ ಅದರ ಕಡೆ ಹೋಗ್ತೀನಿ" ಅಂದ.

ಪೇದೆ_ಶಿವಮೊಗ್ಗ

ಕಪ್ಪು ರಾಜ ಬಿ6. ನಿಧಾನವಾಗಿ ಯೋಚಿಸಲಿ, ನಾನು ಇಲ್ಲೇ ಇದ್ದೇನೆ.